ಮನೆಯೊಳಗಿನ ಪ್ರಭು: ಕನ್ನಡ ಕಥೋಲಿಕರ ನಿತ್ಯಪ್ರಾರ್ಥನೆಯ ಇತಿಹಾಸದಿಂದ ಕೆಲವು ಪುಟಗಳು

ಒಂದು ದೇವಾಲಯದ ಶತಮಾನೋತ್ಸವ ಬಂದಾಗ ನಾವು ಮೊದಲು ನೆನೆಯುವುದು ಅಸ್ತಿಭಾರವಿಟ್ಟ ದಿನವನ್ನು, ಗಂಟೆ ತರಿಸಿದ ಗುರುಗಳನ್ನು, ಕಂಬ ಕಮಾನುಗಳಿಗೆ ಕಾಣಿಕೆಯಿತ್ತ ಮನೆತನಗಳನ್ನು. ಇದು ಉಚಿತವಾದುದೇ. ಜ್ಞಾನಸ್ನಾನದ ಪುಸ್ತಕ, ಮದುವೆಯ ಪುಸ್ತಕ, ಮರಣದ ಪುಸ್ತಕ ಇವು ಮೂರೂ ಧರ್ಮಕೇಂದ್ರವೊಂದರ ಬಾಳಿನ ಸಾಕ್ಷಿಗಳು. ಆದರೆ ಈ ಯಾವ ಪುಸ್ತಕದಲ್ಲಿಯೂ ದಾಖಲಾಗದ ಇನ್ನೊಂದು ಇತಿಹಾಸವುಂಟು. ಮುಸ್ಸಂಜೆಯಲ್ಲಿ ದೀಪ ಹೊತ್ತಿಸಿ ಮನೆಮಂದಿಯೆಲ್ಲ ಮಂಡಿಯೂರಿ ಜಪಸರ ಹೇಳಿದ್ದು, ಹಸುಗೂಸಿನ ಹಣೆಯ ಮೇಲೆ ಅಜ್ಜಿ ಶಿಲುಬೆಯ ಗುರುತು ಹಾಕಿದ್ದು, ಸಾಲದ ಚಿಂತೆಯಲ್ಲಿ ನಿದ್ದೆಗೆಟ್ಟ ತಂದೆಯೊಬ್ಬ ನಡುರಾತ್ರಿ ಪ್ರಭುವಿನ ಪಟದ ಮುಂದೆ ಮಾತಿಲ್ಲದೆ ಕುಳಿತದ್ದು, ಇವನ್ನು ಯಾರು ಬರೆದಿಟ್ಟಾರು? ಆದರೂ ಧರ್ಮಸಭೆಯೆಂಬ ವೃಕ್ಷಕ್ಕೆ ನೀರೆರೆದದ್ದು ಇಂತಹ ಅಜ್ಞಾತ ಪ್ರಾರ್ಥನೆಯೇ. ಆ ಇತಿಹಾಸದ ಕೆಲವು ಪುಟಗಳನ್ನು ತಿರುವಿ ನೋಡುವುದು ಈ ಲೇಖನದ ಉದ್ದೇಶ.

ನಂದಿನಿ ಲೇಔಟಿನಲ್ಲಿ ನೆಲೆಸಿರುವ ನಮ್ಮಂಥವರಿಗೆ ಇದರಲ್ಲಿ ಒಂದು ವಿಶೇಷ ಆಸಕ್ತಿಯಿದೆ. ನಮ್ಮ ಬಡಾವಣೆಗೆ ನೂರು ವರ್ಷದ ವಯಸ್ಸಿಲ್ಲ. ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ, ಯಶವಂತಪುರದಿಂದ ಆಚೆಗೆ ಊರು ಹಬ್ಬಿದ ಮೇಲೆ, ಹೊಲಗದ್ದೆಗಳಿದ್ದೆಡೆ ರಸ್ತೆ, ನಿವೇಶನಗಳಾಗಿ ಮೂಡಿದ ನೆಲ ಇದು. ಆದರೆ ಇಲ್ಲಿಗೆ ಬಂದು ಮನೆ ಕಟ್ಟಿದವರ ವಿಶ್ವಾಸ ಹೊಸದಲ್ಲ. ಒಬ್ಬರು ಕನಕಪುರ ಸೀಮೆಯ ಹಳ್ಳಿಯಿಂದ ಬಂದವರು, ಮತ್ತೊಬ್ಬರು ಹಾಸನ ಸೀಮೆಯವರು, ಇನ್ನೊಬ್ಬರು ಕರಾವಳಿಯವರು. ಹಾಸಿಗೆ ಪಾತ್ರೆಗಳೊಡನೆ ಅವರು ಕಟ್ಟಿಕೊಂಡು ಬಂದ ಜಪಸರಕ್ಕೂ ಪ್ರಭುವಿನ ಪಟಕ್ಕೂ ಬಡಾವಣೆಗಿಂತ ಬಹಳ ದೊಡ್ಡ ವಯಸ್ಸು.

ಒಂದು ಪ್ರಶ್ನೆ

ಇತ್ತೀಚಿನ ದಶಕಗಳಲ್ಲಿ ಧ್ಯಾನಕೂಟಗಳಲ್ಲಿ, ಪ್ರಾರ್ಥನಾ ಗುಂಪುಗಳಲ್ಲಿ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಲಾಗುತ್ತದೆ: “ಯೇಸುಕ್ರಿಸ್ತರೊಡನೆ ನಿಮಗೆ ವೈಯಕ್ತಿಕ ಸಂಬಂಧವಿದೆಯೇ?” ತರುಣರು ಇದನ್ನು ಕೇಳಿ ಪುಳಕಿತರಾಗುತ್ತಾರೆ. ಹಿರಿಯರಲ್ಲಿ ಕೆಲವರು ಗಲಿಬಿಲಿಗೊಳ್ಳುತ್ತಾರೆ. ಬಾಲ್ಯದಿಂದ ಪರಲೋಕ ಮಂತ್ರ, ನಮೋ ಮರಿಯಾ ಹೇಳುತ್ತ ಬಂದ ಮುದುಕಿಯೊಬ್ಬಳು, ಹಾಗಾದರೆ ಇಷ್ಟು ವರ್ಷ ನಾನು ಪ್ರಭುವನ್ನು ಅರಿಯದೆಯೇ ಜಪಿಸಿದೆನೇ ಎಂದು ನೊಂದುಕೊಂಡರೆ ಆಶ್ಚರ್ಯವಿಲ್ಲ. ಒಂದೇ ಮನೆಯಲ್ಲಿ ಅಜ್ಜಿಯ ಕಂಠಪಾಠದ ಜಪ ಒಂದು ಕಡೆ, ಮೊಮ್ಮಗನ ಸ್ವಂತ ಮಾತಿನ ಪ್ರಾರ್ಥನೆ ಇನ್ನೊಂದು ಕಡೆ ನಿಂತು, ಒಂದನ್ನೊಂದು ಅನುಮಾನದಿಂದ ನೋಡುವಂತಾಗಿದೆ. ಈ ಪ್ರಶ್ನೆಗೆ ಉತ್ತರವನ್ನು ಇತಿಹಾಸದಲ್ಲಿ ಹುಡುಕಬಹುದು. ನಮ್ಮ ಪೂರ್ವಿಕರು ಪ್ರಭುವಿನ ಸಾಮೀಪ್ಯವನ್ನು ಹೇಗೆ ಕಂಡುಕೊಂಡರು? ಅವರಿಗೆ ಮುಚ್ಚಿದ್ದ ಯಾವ ಬಾಗಿಲುಗಳು ನಮಗೆ ತೆರೆದಿವೆ?

ಭಾಷೆಯ ಬಾಗಿಲು

ಮೈಸೂರು ಸೀಮೆಯಲ್ಲಿ ಕ್ರೈಸ್ತ ಪ್ರೇಷಿತಕಾರ್ಯ ನೆಲೆಗೊಂಡದ್ದು 17ನೆಯ ಶತಮಾನದ ನಡುವಿನಲ್ಲಿ. ಇಟಲಿಯ ಯೇಸುಸಭೆಯ ಗುರುಗಳಾದ ಲಿಯೊನಾರ್ದೊ ಚಿನ್ನಾಮಿಯವರು 1649ರ ಸುಮಾರಿನಲ್ಲಿ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯ ಕಾಲದಲ್ಲಿ, ಶ್ರೀರಂಗಪಟ್ಟಣದಲ್ಲಿ ನೆಲೆಯೂರಿದರು. ಅವರು ಮೊದಲು ಮಾಡಿದ ಕಾರ್ಯಗಳಲ್ಲಿ ಒಂದು ಕನ್ನಡವನ್ನು ಕಲಿತದ್ದು. ಕನ್ನಡದಲ್ಲಿ ಧರ್ಮೋಪದೇಶದ ಗ್ರಂಥವನ್ನೂ ಸಂತರ ಚರಿತ್ರೆಗಳನ್ನೂ ಬರೆದರು; ತಮ್ಮ ಅನಂತರ ಬರುವ ಗುರುಗಳಿಗಾಗಿ ಕನ್ನಡದ ವ್ಯಾಕರಣ, ಶಬ್ದಕೋಶಗಳನ್ನು ಸಿದ್ಧಪಡಿಸಿದರು.

ಇದರ ಮಹತ್ವವನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಬಲಿಪೂಜೆ ಆಗ ಲತೀನಿನಲ್ಲಿ ನಡೆಯುತ್ತಿತ್ತು. ಮುಂದೆಯೂ ಮುನ್ನೂರಕ್ಕೂ ಮಿಕ್ಕಿ ವರ್ಷ ಹಾಗೆಯೇ ನಡೆಯಿತು. ಆದರೆ ಉಪದೇಶವೂ ನಿತ್ಯದ ಜಪವೂ ಜನರ ಮಾತಿನಲ್ಲಿ ಬಂದವು. ಪೀಠದ ಬಳಿ ಗುರುಗಳು ಲತೀನಿನಲ್ಲಿ ಪ್ರಾರ್ಥಿಸುತ್ತಿದ್ದಾಗ, ರೈತನೊಬ್ಬ ತನ್ನ ಎತ್ತು, ಹೊಲ, ಮಳೆ, ಮಕ್ಕಳ ಕಷ್ಟಸುಖಗಳನ್ನು ತಾಯ್ನುಡಿಯಲ್ಲೇ ಪ್ರಭುವಿಗೆ ತಿಳಿಸಬಲ್ಲವನಾದನು. ಕಣ್ಣೀರು ಬರುವಾಗ ಬಾಯಿಗೆ ಬರುವ ಭಾಷೆ ತಾಯ್ನುಡಿಯೊಂದೇ. ವೈಯಕ್ತಿಕ ಸಂಬಂಧ ಎಂಬ ಪದ ಹುಟ್ಟುವುದಕ್ಕೆ ಬಹಳ ಹಿಂದೆಯೇ ಅದರ ಮೊದಲನೆಯ ಬಾಗಿಲು ಹೀಗೆ ತೆರೆಯಿತು.

ಗುರುಗಳಿಲ್ಲದ ದಿನಗಳು

ಆ ಬೀಜ ಎಷ್ಟು ಆಳಕ್ಕೆ ಇಳಿದಿತ್ತೆಂಬುದರ ಪರೀಕ್ಷೆ 18ನೆಯ ಶತಮಾನದ ಉತ್ತರಾರ್ಧದಲ್ಲಿ ನಡೆಯಿತು. 1759ರಲ್ಲಿ ಪೋರ್ಚುಗಲ್ ತನ್ನ ಆಳ್ವಿಕೆಯ ಪ್ರದೇಶಗಳಿಂದ ಯೇಸುಸಭೆಯನ್ನು ಹೊರಹಾಕಿತು. 1773ರಲ್ಲಿ ಜಗದ್ಗುರು 14ನೆಯ ಕ್ಲೆಮೆಂಟರು ಆ ಸಭೆಯನ್ನೇ ವಿಸರ್ಜಿಸಿದರು. ಮೈಸೂರು ಸೀಮೆಯ ಕ್ರೈಸ್ತರಿಗೆ ಹೊಸ ಗುರುಗಳು ಬರುವುದು ನಿಂತಿತು. ಇದ್ದ ಕೆಲವರು ಮುಪ್ಪಾದರು. ಬಳಿಕ ಈ ಸೀಮೆಯ ಹೊಣೆ ಪ್ಯಾರಿಸಿನ ವಿದೇಶೀ ಪ್ರೇಷಿತ ಸಂಸ್ಥೆಗೆ ಬಂದರೂ ವಿಶಾಲವಾದ ನಾಡಿಗೆ ಬೆರಳೆಣಿಕೆಯ ಗುರುಗಳು ಮಾತ್ರ. ಜತೆಗೆ ಯುದ್ಧಗಳು. 1784ರಲ್ಲಿ ಕರಾವಳಿಯ ಕಥೋಲಿಕರು ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು; ಅವರ ಬಂಧನ ಕೊನೆಗೊಂಡದ್ದು 1799ರಲ್ಲಿ. ಉಳಿದು ಹಿಂದಿರುಗಿದವರು ಹಾಳುಬಿದ್ದ ಇಗರ್ಜಿಗಳನ್ನು ಮತ್ತೆ ಎಬ್ಬಿಸಿದರು.

ಹದಿನೈದು ವರ್ಷವೆಂದರೆ ಒಂದು ಮಗು ಹುಟ್ಟಿ ಹರೆಯಕ್ಕೆ ಬರುವ ಕಾಲ. ದೇವಾಲಯವಿಲ್ಲ, ನಿಯತವಾದ ಪೂಜೆಯಿಲ್ಲ. ಆ ಮಗುವಿಗೆ ಶಿಲುಬೆಯ ಗುರುತು ಹಾಕಲು ಕಲಿಸಿದವರು ಯಾರು? ತಂದೆತಾಯಿಗಳು, ಅಜ್ಜಅಜ್ಜಿಯರಲ್ಲದೆ ಇನ್ನಾರು! ಕಂಠಪಾಠದ ಜಪವನ್ನು ಹಗುರವಾಗಿ ಕಾಣುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಪುಸ್ತಕವನ್ನು ಕಿತ್ತುಕೊಳ್ಳಬಹುದು, ಗುಡಿಯನ್ನು ಕೆಡವಬಹುದು. ನಾಲಗೆಯ ಮೇಲೆ ನೆಲೆಸಿದ ಮಂತ್ರವನ್ನು ಯಾರೂ ಕಸಿಯಲಾರರು.

1799ರ ಅನಂತರ ಮೈಸೂರು ಸೀಮೆಗೆ ಬಂದು ಚದುರಿದ ಮಂದೆಯನ್ನು ಒಂದುಗೂಡಿಸಿದವರು ಫ್ರೆಂಚ್ ಗುರುಗಳಾದ ಅಬ್ಬೆ ದ್ಯುಬ್ವಾ. ದೇಶೀಯರ ಉಡುಗೆ ತೊಟ್ಟು, ಅವರ ಆಹಾರ ಪದ್ಧತಿಯನ್ನು ಅನುಸರಿಸಿ, ಹಳ್ಳಿಹಳ್ಳಿ ಸುತ್ತಿದ ಅವರನ್ನು ಜನ ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸುವ ಕಾರ್ಯದಲ್ಲಿಯೂ ಅವರು ಅಗ್ರಗಣ್ಯರು. ಇಷ್ಟೆಲ್ಲ ದುಡಿದ ಆ ಮಹನೀಯರು 1823ರಲ್ಲಿ ಭಾರತವನ್ನು ಬಿಟ್ಟು ಹೊರಟರು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳ ಗ್ರಂಥದಲ್ಲಿ, ಈ ದೇಶದಲ್ಲಿ ಕ್ರೈಸ್ತಧರ್ಮ ಬೇರೂರುವ ಆಸೆಯಿಲ್ಲವೆಂದೇ ಬರೆದರು. ಮೂವತ್ತು ವರ್ಷದ ಅನುಭವದಿಂದ ಬಂದ ನಿರಾಶೆಯ ಮಾತು ಅದು, ಅದರಲ್ಲಿ ಪ್ರಾಮಾಣಿಕತೆಯಿದೆ.

ಆದರೆ ದೊಡ್ಡ ಸ್ವಾಮಿಯವರು ಕೈಬಿಟ್ಟ ಆಸೆಯನ್ನು ಅವರ ಮಂದೆಯ ಜನ ಕೈಬಿಡಲಿಲ್ಲ. ಪಂಡಿತರ ಕಣ್ಣು ಜನರ ಆಚಾರವ್ಯವಹಾರಗಳನ್ನು ಸೂಕ್ಷ್ಮವಾಗಿ ಕಂಡಿತು. ರಾತ್ರಿ ಬಾಗಿಲು ಮುಚ್ಚಿದ ಮೇಲೆ ಗುಡಿಸಲೊಳಗೆ ನಡೆಯುತ್ತಿದ್ದ ಪ್ರಾರ್ಥನೆಯ ಬಲವನ್ನು ಅಳೆಯುವ ಸಾಧನ ಯಾವ ಪಂಡಿತನ ಬಳಿಯೂ ಇರಲಿಲ್ಲ. ಇಂದು ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ನಾವೇ ಅವರ ನಿರಾಶೆಗೆ ಉತ್ತರ.

ಗೋಡೆಯ ಮೇಲಿನ ಪಟ

19ನೆಯ ಶತಮಾನದಲ್ಲಿ ಫ್ರೆಂಚ್ ಗುರುಗಳ ಶ್ರಮದಿಂದ ಮೈಸೂರು ಪ್ರಾಂತ ಬೆಳೆಯಿತು. ಬೆಂಗಳೂರಿನಲ್ಲಿ 1855ರಲ್ಲಿ ಕನ್ನಡ-ಲತೀನ್ ನಿಘಂಟು, 1861ರಲ್ಲಿ ಲತೀನ್-ಕನ್ನಡ ನಿಘಂಟು ಅಚ್ಚಾದವು. ಇದೇ ಕಾಲದಲ್ಲಿ ಅವರೊಡನೆ ಬಂದ ಭಕ್ತಿಗಳಲ್ಲಿ ನಮ್ಮ ಮನೆಗಳನ್ನು ಹೆಚ್ಚಾಗಿ ತಟ್ಟಿದ್ದು ಯೇಸುವಿನ ಪವಿತ್ರ ಹೃದಯದ ಭಕ್ತಿ. ಫ್ರಾನ್ಸಿನ ಪಾರೇ-ಲ-ಮೋನಿಯಲ್ ಎಂಬ ಊರಿನ ಕನ್ಯಾಮಠದಲ್ಲಿ ಸಂತ ಮಾರ್ಗರೆಟ್ ಮೇರಿ ಅವರಿಗೆ 1673ರಿಂದ 1675ರ ಅವಧಿಯಲ್ಲಿ ಆದ ದರ್ಶನಗಳಿಂದ ಈ ಭಕ್ತಿ ಪ್ರಸಿದ್ಧಿಗೆ ಬಂದಿತು. ದೇವರನ್ನು ಭಯಂಕರ ನ್ಯಾಯಾಧೀಶನೆಂದೇ ಕಾಣುವ ಕಠೋರ ಮನೋಭಾವ ಅಂದು ಅಲ್ಲಿ ಹಬ್ಬಿತ್ತು. ಅದಕ್ಕೆ ಪ್ರತಿಯಾಗಿ ಪ್ರಭು ತೋರಿದ್ದು ಮನುಷ್ಯನನ್ನು ಪ್ರೀತಿಸಿ, ಪ್ರತಿಪ್ರೀತಿಗಾಗಿ ಕಾದಿರುವ ಹೃದಯವನ್ನು. 1907ರಿಂದ ಫಾದರ್ ಮತೆಯೊ ಎಂಬ ಗುರುಗಳು ಈ ಪಟವನ್ನು ಪ್ರತಿಯೊಂದು ಮನೆಯಲ್ಲಿ ವಿಧಿಪೂರ್ವಕವಾಗಿ ಪ್ರತಿಷ್ಠಾಪಿಸುವ ಪದ್ಧತಿಯನ್ನು ಲೋಕದಾದ್ಯಂತ ಹರಡಿದರು.

ನಮ್ಮ ನಡುಮನೆಯ ಗೋಡೆಯ ಮೇಲೆ, ಮುಂಬಾಗಿಲಿಗೆ ಎದುರಾಗಿ, ಕೆಂಪು ದೀಪದ ಬೆಳಕಿನಲ್ಲಿ ಕಾಣುವ ಪಟದ ಹಿನ್ನೆಲೆ ಇದು. ಅದನ್ನು ಅಲಂಕಾರಕ್ಕೆ ತೂಗುಹಾಕಿದವರಲ್ಲ ನಮ್ಮ ಹಿರಿಯರು. ಈ ಮನೆಯ ಯಜಮಾನರು ಇವರು, ಇಲ್ಲಿ ಆಡುವ ಪ್ರತಿಯೊಂದು ಮಾತೂ ಇವರ ಕಿವಿಗೆ ಬೀಳುತ್ತದೆ ಎಂಬ ನಂಬಿಕೆಯಿಂದ ತೂಗುಹಾಕಿದರು. ಮಕ್ಕಳು ಪರೀಕ್ಷೆಗೆ ಹೊರಡುವಾಗ, ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ, ಶವವನ್ನು ಹೊರಗೆ ಒಯ್ಯುವಾಗ ಆ ಪಟದ ಮುಂದೆ ನಿಲ್ಲುವ ರೂಢಿಯಲ್ಲಿ ಒಂದು ಇಡೀ ದೈವಶಾಸ್ತ್ರ ಅಡಗಿದೆ. ಅಕ್ಷರ ಬಾರದ ತಾಯಂದಿರಿಗೂ ಅದು ತಿಳಿದಿತ್ತು.

ಪ್ರಸಾದದ ಬಾಗಿಲು

ಪ್ರಭುವಿನ ಸಾಮೀಪ್ಯದ ಪರಮಸಾಧನ ಪರಮಪ್ರಸಾದ. ಆದರೆ ಬಹುಕಾಲ ಸಾಮಾನ್ಯ ಭಕ್ತರು ಅದನ್ನು ಸ್ವೀಕರಿಸುತ್ತಿದ್ದುದು ವರ್ಷಕ್ಕೆ ಕೆಲವೇ ಸಾರಿ. ಅಯೋಗ್ಯರಾಗಿ ಸ್ವೀಕರಿಸಿದರೆ ಪಾಪವೆಂಬ ಅಂಜಿಕೆಯಿಂದ, ಯೋಗ್ಯರೂ ದೂರ ನಿಲ್ಲುತ್ತಿದ್ದರು. ಜಗದ್ಗುರು ಸಂತ 10ನೆಯ ಭಕ್ತಿನಾಥರು (ಪಯಸ್) 1905ರ ಡಿಸೆಂಬರಿನಲ್ಲಿ ಹೊರಡಿಸಿದ ಆಜ್ಞೆಯ ಮೂಲಕ, ಚಾವುದೋಷವಿಲ್ಲದೆ ಸದುದ್ದೇಶದಿಂದ ಬರುವ ಯಾವ ವಿಶ್ವಾಸಿಯಾದರೂ ದಿನನಿತ್ಯವೂ ಪರಮಪ್ರಸಾದವನ್ನು ಸ್ವೀಕರಿಸಬಹುದೆಂದು ಸಾರಿದರು. 1910ರಲ್ಲಿ, ತಿಳಿವಳಿಕೆ ಬಂದ ಸುಮಾರು ಏಳು ವರ್ಷದ ಮಕ್ಕಳಿಗೂ ಅದನ್ನು ನೀಡಬೇಕೆಂದು ವಿಧಿಸಿದರು. ಬಿಳಿಯ ಉಡುಪು ತೊಟ್ಟು ಮೇಣದ ಬತ್ತಿ ಹಿಡಿದ ಪುಟಾಣಿಗಳ ಮೆರವಣಿಗೆ ನಮ್ಮ ಕಣ್ಣಿಗೆ ಹಬ್ಬವಾಗಿರುವುದು ಆ ಆಜ್ಞೆಯಿಂದ.

ಬಾಗಿಲು ತೆರೆದರೂ ಹೊಸ್ತಿಲು ಎತ್ತರವಾಗಿಯೇ ಇತ್ತು. ಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ಅನ್ನವಿರಲಿ, ಒಂದು ಗುಟುಕು ನೀರನ್ನೂ ಮುಟ್ಟುವಂತಿರಲಿಲ್ಲ. ಪೂಜೆ ಬೆಳಗಿನ ಹೊತ್ತಿನಲ್ಲಿ ಮಾತ್ರ. ಬಿನ್ನಿ ಮಿಲ್ಲಿನಂತಹ ಗಿರಣಿಯಲ್ಲಿ ರಾತ್ರಿಪಾಳಿ ಮುಗಿಸಿ ಬರುವ ಕಾರ್ಮಿಕನ ಗತಿಯೇನು? ಕೂಸಿಗೆ ಹಾಲೂಡಿ, ಒಲೆ ಹಚ್ಚಿ, ಮನೆಮಂದಿಗೆ ತಿಂಡಿ ಮಾಡಿಟ್ಟು ಬರಬೇಕಾದ ತಾಯಿಯ ಗತಿಯೇನು?

ಈ ಪ್ರಶ್ನೆ ರೋಮಿನ ಕಿವಿಗೂ ಬಿದ್ದಿತು. ಜಗದ್ಗುರು 12ನೆಯ ಪಯಸ್ ಅವರು 1953ರ ಜನವರಿ 6ರಂದು ಹೊರಡಿಸಿದ ಶಾಸನದಲ್ಲಿ, ಹಗಲುರಾತ್ರಿ ಪಾಳಿಗಳಲ್ಲಿ ದುಡಿಯುವ ಕಾರ್ಮಿಕರನ್ನೂ, ಮನೆಗೆಲಸ ಮುಗಿಸದೆ ದೇವಾಲಯಕ್ಕೆ ಬರಲಾಗದ ತಾಯಂದಿರನ್ನೂ ಸ್ಪಷ್ಟವಾಗಿ ನೆನೆದರು. ನೀರು ಕುಡಿದರೆ ಉಪವಾಸ ಮುರಿಯುವುದಿಲ್ಲವೆಂದರು. ನಿಬಂಧನೆಗಳೊಡನೆ ಸಂಜೆಯ ಬಲಿಪೂಜೆಗೂ ಅವಕಾಶವಿತ್ತರು. 1957ರಲ್ಲಿ ಉಪವಾಸದ ಅವಧಿ ಮೂರು ಗಂಟೆಗೆ ಇಳಿಯಿತು. 1964ರಲ್ಲಿ ಜಗದ್ಗುರು 6ನೆಯ ಪೌಲರು ಅದನ್ನು ಒಂದು ಗಂಟೆಗೆ ಇಳಿಸಿದರು.

ಅದೇ 1953ನೆಯ ಇಸವಿ ನಮ್ಮ ಊರಿಗೂ ಸ್ಮರಣೀಯವಾದುದು. ಆ ವರ್ಷ ಬೆಂಗಳೂರು ಮಹಾಧರ್ಮಪ್ರಾಂತವಾಯಿತು. ಆ ವರ್ಷವೇ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾಯಿತು. ಮರುವರ್ಷ ಭಾರತ್ ಎಲೆಕ್ಟ್ರಾನಿಕ್ಸ್ ಬಂದಿತು. ಜಾಲಹಳ್ಳಿಯ ಕಾರ್ಖಾನೆಗಳ ಸೈರನ್ನು ನಗರದ ಈ ಭಾಗದ ಜನರ ದಿನಚರಿಯನ್ನೇ ಬದಲಿಸಿತು. ಕೈಯಲ್ಲಿ ಊಟದ ಡಬ್ಬಿ ಹಿಡಿದು ಪಾಳಿಯಿಂದ ನೇರವಾಗಿ ಸಂಜೆಯ ಪೂಜೆಗೆ ಬಂದು ಹಿಂದಿನ ಸಾಲಿನಲ್ಲಿ ನಿಲ್ಲುವ ಕಾರ್ಮಿಕನನ್ನು ನಾವೆಲ್ಲ ಕಂಡಿದ್ದೇವೆ. ಅವನಿಗಾಗಿ ಧರ್ಮಸಭೆ ಶತಮಾನಗಳ ಕಟ್ಟಳೆಯೊಂದನ್ನು ಸಡಿಲಿಸಿತೆಂಬುದು ಅವನಿಗೆ ತಿಳಿದಿರಲಾರದು. ನಿತ್ಯದ ದುಡಿಮೆಯನ್ನು ಬಿಟ್ಟು ಪ್ರಭುವನ್ನು ಹುಡುಕುವುದಲ್ಲ, ದುಡಿಮೆಯ ನಡುವೆಯೇ ಪ್ರಭು ದೊರಕಬೇಕು ಎಂಬುದು ಇದರ ತಿರುಳು. 17ನೆಯ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್ ಅವರು, ಸೌಟು ಹಿಡಿದಾಗಲೂ ಪೀಠದ ಮುಂದೆ ಇದ್ದಷ್ಟೇ ಶಾಂತಿಯಿಂದ ದೇವರ ಸನ್ನಿಧಿಯಲ್ಲಿರಲು ಅಭ್ಯಾಸ ಮಾಡಿದರು. ಶರಣರು ಕಾಯಕದ ಹಿರಿಮೆಯನ್ನು ಸಾರಿದ ಈ ನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ವಾಕ್ಯದ ಬಾಗಿಲು

ಇನ್ನೊಂದು ಬಾಗಿಲು ತೆರೆದದ್ದು ದ್ವಿತೀಯ ವ್ಯಾಟಿಕನ್ ಮಹಾಸಭೆಯಿಂದ. 1963ರ ಡಿಸೆಂಬರಿನ ದೈವಾರಾಧನಾ ಶಾಸನದ ಫಲವಾಗಿ ಬಲಿಪೂಜೆ ಜನರ ಭಾಷೆಗೆ ಬಂದಿತು. ಗುರುಗಳು ಜನರ ಕಡೆ ತಿರುಗಿ ಕನ್ನಡದಲ್ಲಿ ಆಶೀರ್ವದಿಸಿದ ಮೊದಲ ದಿನ ಎಷ್ಟೋ ಹಿರಿಯರು ಕಣ್ಣೊರಸಿಕೊಂಡಿರಬೇಕು. 1965ರ ನವೆಂಬರಿನ ದೈವವಾಕ್ಯ ಶಾಸನ ಮತ್ತೂ ಮುಂದೆ ಹೋಯಿತು. ವಿಶ್ವಾಸಿಗಳೆಲ್ಲರೂ ಪವಿತ್ರ ಗ್ರಂಥವನ್ನು ಪದೇ ಪದೇ ಓದಬೇಕು, ಓದಿನೊಡನೆ ಪ್ರಾರ್ಥನೆಯೂ ಕೂಡಿರಬೇಕು ಎಂದು ಬೋಧಿಸಿತು.

ಪೂರ್ವಸಿದ್ಧತೆಯಿಲ್ಲದವರ ಕೈಗೆ ಬೈಬಲಿನ ಬರಿಯ ಪಾಠವನ್ನು ಕೊಡುವುದು ಸರಿಯಲ್ಲವೆಂದು ಅಬ್ಬೆ ದ್ಯುಬ್ವಾ ಅವರು 1823ರಲ್ಲಿ ವಾದಿಸಿದ್ದರು. ಆ ಹೊತ್ತಿಗೆ ಬಳ್ಳಾರಿಯಲ್ಲಿ ಲಂಡನ್ ಮಿಷನಿನ ಜಾನ್ ಹ್ಯಾಂಡ್ಸ್ ಅವರು ಕನ್ನಡ ಅನುವಾದದಲ್ಲಿ ತೊಡಗಿದ್ದರು. ನಮ್ಮ ಪ್ರೊಟೆಸ್ಟೆಂಟ್ ಸಹೋದರರ ಮನೆಗಳಲ್ಲಿ ಬೈಬಲ್ ವಾಚನ ಬೇಗನೆ ರೂಢಿಗೆ ಬಂದಿತು. ಈ ವಿಷಯದಲ್ಲಿ ಅವರು ನಮಗಿಂತ ಮುಂದಿದ್ದರೆಂದು ಒಪ್ಪಿಕೊಳ್ಳುವುದಕ್ಕೆ ಸಂಕೋಚ ಬೇಡ. ಮಹಾಸಭೆಯ ಅನಂತರ, 1967ರಲ್ಲಿ, ಬೈಬಲ್, ಧರ್ಮೋಪದೇಶ ಹಾಗೂ ದೈವಾರಾಧನೆಗಾಗಿ ರಾಷ್ಟ್ರೀಯ ಕೇಂದ್ರವೊಂದು ಫಾದರ್ ಡಿ. ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾದದ್ದು ನಮ್ಮ ಭಾಗ್ಯ.

ಅದೇ 1967ರಲ್ಲಿ ಅಮೆರಿಕದ ಕಥೋಲಿಕ ವಿದ್ಯಾರ್ಥಿಗಳಲ್ಲಿ ಆರಂಭವಾದ ಪವಿತ್ರಾತ್ಮರ ವರದಾನಗಳ ನವೀಕರಣ ಚಳವಳಿ 1970ರ ದಶಕದಲ್ಲಿ ಭಾರತಕ್ಕೂ ಬಂದಿತು. ಸ್ವಂತ ಮಾತಿನಲ್ಲಿ ಗಟ್ಟಿಯಾಗಿ ಪ್ರಾರ್ಥಿಸುವುದನ್ನು, ಪ್ರಭುವನ್ನು ಜೀವಂತ ವ್ಯಕ್ತಿಯಾಗಿ ಅರಿಯಬೇಕೆಂಬ ಹಂಬಲವನ್ನು ಅದು ಅನೇಕರಲ್ಲಿ ಮೂಡಿಸಿತು. ಮೊಮ್ಮಗನ ಪ್ರಾರ್ಥನೆಯ ಮೂಲ ಇಲ್ಲಿದೆ. ಇದು ಕೆಲವರ ಒಲವು ಮಾತ್ರವೆಂದು ತಳ್ಳಿಹಾಕುವಂತಿಲ್ಲ. ಕ್ರೈಸ್ತನಾಗುವುದು ಒಂದು ನೀತಿಯನ್ನೋ ತತ್ತ್ವವನ್ನೋ ಆರಿಸಿಕೊಂಡಂತಲ್ಲ, ಒಬ್ಬ ವ್ಯಕ್ತಿಯನ್ನು ಸಂಧಿಸಿದಂತೆ ಎಂದು ಜಗದ್ಗುರು 16ನೆಯ ಬೆನೆಡಿಕ್ಟರು 2005ರ ತಮ್ಮ ಮೊದಲ ವಿಶ್ವಪತ್ರದಲ್ಲಿ ಬೋಧಿಸಿದರು. ಎಲ್ಲಿರುವ ಕ್ರೈಸ್ತನಾದರೂ ಈ ಸಂಧಾನವನ್ನು ದಿನದಿನವೂ ನವೀಕರಿಸಿಕೊಳ್ಳಬೇಕೆಂದು ಜಗದ್ಗುರು ಫ್ರಾನ್ಸಿಸ್ ಅವರು 2013ರಲ್ಲಿ ಕರೆಯಿತ್ತರು. ಅವರೇ 2024ರಲ್ಲಿ ತಮ್ಮ ಕೊನೆಯ ವಿಶ್ವಪತ್ರವನ್ನು ಯೇಸುವಿನ ಪವಿತ್ರ ಹೃದಯದ ಬಗ್ಗೆ ಬರೆದರು. ಅಜ್ಜಿಯ ಪಟವೂ ಮೊಮ್ಮಗನ ಹಂಬಲವೂ ಒಂದೇ ಹೃದಯವನ್ನು ತೋರುತ್ತಿದ್ದವೆಂಬುದು ಹೀಗೆ ಸ್ಪಷ್ಟವಾಯಿತು.

ಮುಚ್ಚಿದ ದೇವಾಲಯ, ಮುಳುಗಿದ ದೇವಾಲಯ

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಸೋಂಕಿನಿಂದ ದೇಶದ ದೇವಾಲಯಗಳೆಲ್ಲ ಮುಚ್ಚಿದವು. ಆ ವರ್ಷದ ಪವಿತ್ರ ವಾರ, ಏಪ್ರಿಲ್ 12ರ ಪುನರುತ್ಥಾನದ ಹಬ್ಬ, ಎಲ್ಲವೂ ಮನೆಯೊಳಗೇ ಕಳೆದವು. ನಂದಿನಿ ಲೇಔಟಿನ ಎರಡು ಕೋಣೆಯ ಬಾಡಿಗೆ ಮನೆಗಳಲ್ಲಿ, ಗುರುಗಳಿಲ್ಲದೆ ಜಪಿಸಿದ 18ನೆಯ ಶತಮಾನದ ಹಳ್ಳಿಗರ ಸ್ಥಿತಿ ತಿರುಗಿ ಬಂದಂತಾಯಿತು. ಯಾವ ಮನೆಯಲ್ಲಿ ಜಪಸರದ ರೂಢಿ ಉಳಿದಿತ್ತೋ ಆ ಮನೆ ಸಂಜೆಯ ಹೊತ್ತಿಗೆ ಪುಟ್ಟ ದೇವಾಲಯವಾಯಿತು. ಯಾವ ಮನೆಯಲ್ಲಿ ಅದು ಅಳಿದಿತ್ತೋ ಅಲ್ಲಿ ದೂರದರ್ಶನ, ಮೊಬೈಲಿನ ಪರದೆಯಲ್ಲಿ ಪೂಜೆಯನ್ನು ನೋಡಿ ಮುಗಿಸಿದ ಬಳಿಕ ಏನು ಮಾಡಬೇಕೆಂದು ತೋಚಲಿಲ್ಲ. ಈ ವ್ಯತ್ಯಾಸವನ್ನು ನಾವು ಮರೆಯಬಾರದು.

ಹಾಸನದ ಬಳಿ ಶೆಟ್ಟಿಹಳ್ಳಿಯಲ್ಲಿ 19ನೆಯ ಶತಮಾನದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಭವ್ಯ ದೇವಾಲಯವೊಂದಿದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಅದು ಹಿನ್ನೀರಿನ ಪಾಲಾಯಿತು. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಗೆಯಲ್ಲಿ ಮೇಲೆದ್ದು ನಿಲ್ಲುವ ಅದರ ಚಿತ್ರವನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಅಲ್ಲಿ ಜಪಿಸುತ್ತಿದ್ದ ಜನ ಬೇರೆಡೆ ನೆಲೆಸಿ ವಿಶ್ವಾಸವನ್ನು ಮುಂದುವರಿಸಿದರು. ಕಟ್ಟಡ ಮುಳುಗಿದರೂ ಪ್ರಾರ್ಥನೆ ಮುಳುಗಲಿಲ್ಲ.

ಇಂದು ನಮ್ಮ ಮುಂದೆ ಇರುವ ಅಪಾಯ ಇದರ ತಿರುವುಮುರುವು. ಕಟ್ಟಡ ಭದ್ರವಾಗಿದೆ, ಸುಣ್ಣಬಣ್ಣದಿಂದ ಹೊಳೆಯುತ್ತಿದೆ. ಮನೆಯ ಪ್ರಾರ್ಥನೆ ಮುಳುಗುತ್ತಿದೆ. ಯಾವ ಭಾಷೆಯಲ್ಲಿ ಪೂಜೆ ನಡೆಯಬೇಕೆಂದು ನಮ್ಮ ನಗರದಲ್ಲಿ ದಶಕಗಟ್ಟಲೆ ವಾದಗಳು ನಡೆದವು. ಭಾಷೆಯ ಹಕ್ಕು ಸಣ್ಣದಲ್ಲ. ಆದರೆ ಅಷ್ಟು ಕಾತರದಿಂದ ಬೇಡಿ ಪಡೆದ ಆ ನುಡಿಯಲ್ಲಿ ಪ್ರಭುವಿನೊಡನೆ ದಿನಕ್ಕೆ ಎಷ್ಟು ಮಾತನಾಡುತ್ತೇವೆ ಎಂದು ಪ್ರತಿಯೊಬ್ಬರೂ ಎದೆಮುಟ್ಟಿ ಕೇಳಿಕೊಳ್ಳಬೇಕಾಗಿದೆ. ಪೂರ್ವಿಕರಿಗೆ ಬೈಬಲ್ ಇರಲಿಲ್ಲ, ನಿತ್ಯ ಪ್ರಸಾದವಿರಲಿಲ್ಲ, ಅರ್ಥವಾಗುವ ಪೂಜೆಯಿರಲಿಲ್ಲ. ಆದರೂ ಅವರು ಪ್ರಭುವನ್ನು ಬಿಡಲಿಲ್ಲ. ನಮಗೆ ಎಲ್ಲ ಬಾಗಿಲುಗಳೂ ತೆರೆದಿವೆ. ಒಳಗೆ ಹೋಗಲು ಪುರಸತ್ತಿಲ್ಲ.

ಆದುದರಿಂದ ಈ ಶತಮಾನೋತ್ಸವದ ಸಂಕಲ್ಪ ದೊಡ್ಡದಾಗಿರಬೇಕಾಗಿಲ್ಲ. ದಿನಕ್ಕೊಮ್ಮೆ, ಹತ್ತೇ ನಿಮಿಷವಾದರೂ, ಮನೆಯವರೆಲ್ಲ ಒಟ್ಟಿಗೆ ಪಟದ ಮುಂದೆ ಕೂಡೋಣ. ಅಜ್ಜಿ ತನಗೆ ಬಂದ ಜಪವನ್ನು ಹೇಳಲಿ. ಮೊಮ್ಮಗ ಶುಭಸಂದೇಶದಿಂದ ನಾಲ್ಕು ವಾಕ್ಯಗಳನ್ನು ಓದಿ, ತನ್ನ ಮಾತಿನಲ್ಲಿ ಪ್ರಾರ್ಥಿಸಲಿ. ಕೆಲಸಕ್ಕೆ ಹೊರಡುವವರು, ಬಸ್ಸಿನಲ್ಲಿ ನಿಂತಾಗಲೋ ಯಂತ್ರದ ಮುಂದೆ ಕೈಯಾಡಿಸುವಾಗಲೋ ಪ್ರಭುವಿನ ನಾಮವನ್ನು ಒಮ್ಮೆ ನೆನೆಯಲಿ. ಮುಂದೆ ನೂರು ವರ್ಷದ ಬಳಿಕ ಇನ್ನೊಂದು ಸಂಚಿಕೆ ಅಚ್ಚಾದಾಗ ನಮ್ಮ ಹೆಸರುಗಳು ಅದರಲ್ಲಿ ಇರಲಾರವು. ಆದರೆ ನಾವು ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿದ ಮಗುವಿನ ಮಕ್ಕಳ ಮಕ್ಕಳು ಅಂದು ಸಂಜೆಯೂ ದೀಪ ಹೊತ್ತಿಸಿ, ತಾಯ್ನುಡಿಯಲ್ಲಿ ತಮ್ಮ ಪ್ರಭುವನ್ನು ಕರೆಯುತ್ತಿದ್ದರೆ ಅಷ್ಟೇ ಸಾಕು.